ಕೀಮೋ ಟೈಮಲ್ಲಿ ನಿದ್ದೆಗೆ ಅಂತ ತಗೊಂಡ ಲ್ಯಾವೆಂಡರ್ ಎಣ್ಣೆ, ಡಿಫ್ಯೂಸರ್, ಇನ್‌ಹೇಲರ್ ಸ್ಟಿಕ್ – ಆರು ತಿಂಗಳು ಬಳಸಿ ಬರೀತಿದೀನಿ

ನಮ್ಮನೆ ತುಮಕೂರು ಎಸ್.ಎಸ್.ಪುರಂ ಕಡೆ, ನಂಗೆ 48 ವರ್ಷ. ಎಡಗಡೆ ಎದೆಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿ ಆಪರೇಷನ್ ಆಯ್ತು, ಆಮೇಲೆ ಬೆಂಗಳೂರಲ್ಲಿ ಕೀಮೋ ಶುರುವಾಯ್ತು. ಮೊದಲು ಮೂರು ವಾರಕ್ಕೊಂದರಂತೆ ನಾಲ್ಕು, ಅದು ಮುಗಿದ್ಮೇಲೆ ವಾರಕ್ಕೊಂದರಂತೆ ಹನ್ನೆರಡು, ಹತ್ರ ಹತ್ರ ಆರು ತಿಂಗಳು. ಈ ಆರು ತಿಂಗಳಲ್ಲಿ ನಿದ್ದೆ ಬರಲಿ, ಎದೆ ಢವಗುಟ್ಟೋದು ಕಮ್ಮಿಯಾಗಲಿ ಅಂತ ಈ ಅರೋಮಾಥೆರಪಿ, ಅಂದ್ರೆ ಪರಿಮಳದ ಎಣ್ಣೆ ಮೂಸೋ, ಹಚ್ಚೋ ಸಾಮಾನಿಗೆ ಮೂರು ಸಾವಿರದ ಹತ್ರ ಖರ್ಚು ಮಾಡಿದೀನಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡು ನೀರಿಗೆ ಹಾಕಿದ ಹಾಗಾಯ್ತು, ಉಳಿದಿದ್ದು ನಿಜವಾಗ್ಲೂ ಕೈ ಹಿಡೀತು. ಯಾವುದು ಯಾವುದು ಅಂತ ಬರೀತೀನಿ, ಇದೇ ದಾರೀಲಿ ಹೋಗ್ತಿರೋ ಯಾರಿಗಾದ್ರೂ ಬೇಕಾಗುತ್ತೆ.

ಮೊದಲು ನಿದ್ದೆ ಯಾಕೆ ಹೋಯ್ತು ಅಂತ ಹೇಳ್ತೀನಿ, ಯಾಕಂದ್ರೆ ನಂಗೂ ಅದು ಗೊತ್ತಾಗಿದ್ದು ಲೇಟಾಗಿ. ಮೊದಲನೇ ಕೀಮೋ ಆದ ರಾತ್ರಿ ಸುಸ್ತಿಗೆ ಬಿದ್ದು ನಿದ್ದೆ ಮಾಡ್ಬಿಡ್ತೀನಿ ಅಂದ್ಕೊಂಡಿದ್ದೆ, ಆದ್ರೆ ಮೈಯೆಲ್ಲ ಸೋತು ಬಿದ್ದಿದೆ, ತಲೆ ಮಾತ್ರ ಹಬ್ಬದ ಮನೆ ಥರ ಎದ್ದು ಕೂತಿದೆ, ಕಣ್ಣು ಮುಚ್ಚಿದ್ರೆ ಒಳಗಡೆ ಯಾರೋ ಲೈಟ್ ಹಾಕಿಟ್ಟ ಹಾಗೆ. ಎರಡು ಮುಕ್ಕಾಲಿಗೆ ಸ್ಟೇಷನ್ ಕಡೆಯಿಂದ ರೈಲಿನ ಕೂಗು, ಆಮೇಲೆ ನಾಲ್ಕಕ್ಕೆ ಪಕ್ಕದ ಬೀದಿ ಹಾಲಿನ ವ್ಯಾನು, ಎಲ್ಲಾನೂ ಕೇಳಿಸ್ಕೊಂಡು ಮಲಗಿದ್ದೆ. ಮೂರು ರಾತ್ರಿ ಹಿಂಗೇ. ಭಯದಿಂದ ಹಿಂಗಾಗ್ತಿದೆ ಅಂತ ಮನೆಯವರೆಲ್ಲ ಸಮಾಧಾನ ಹೇಳಿದ್ರು, ನಾನೂ ಹಂಗೇ ನಂಬಿದ್ದೆ. ಭಯ ಇತ್ತು, ಇಲ್ಲ ಅನ್ನಲ್ಲ. ಆದ್ರೆ ದೊಡ್ಡ ಕಾರಣ ಬೇರೆ ಇತ್ತು, ಅದನ್ನ ಮುಂದೆ ಹೇಳ್ತೀನಿ.

ಮೊದಲನೇ ಕೀಮೋಗೆ ಮುಂಚೇನೇ ನಮ್ಮ ಓರಗಿತ್ತಿ ಹೇಳಿದ್ಳು ಅಂತ ತುಮಕೂರಲ್ಲೇ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿ ಹೆಸರು ಹಾಕಲ್ಲ. ಅಲ್ಲಿ 1,650 ರೂಪಾಯಿಗೆ ಒಂದು ಕಿಟ್: ರೂಮಿಗೆ ವಾಸನೆ ಹರಡೋ ಪ್ಲಾಸ್ಟಿಕ್ ಡಿಫ್ಯೂಸರ್ ಒಂದು, ಜೊತೆಗೆ ಮೂರು ಪುಟ್ಟ ಬಾಟಲ್, ಲ್ಯಾವೆಂಡರ್, ಮಲ್ಲಿಗೆ, ಶ್ರೀಗಂಧ. ಬಾಟಲ್ ಬಿಳೀ ಪ್ಲಾಸ್ಟಿಕ್ಕು. ಅಂಗಡಿಯವರು ಕೇಳದೇ ಇದ್ರೂ ಹೇಳಿದ್ರು, "ಮೇಡಂ ಇದು ನಿದ್ದೆಗೆ ಅಷ್ಟೇ ಅಲ್ಲ, ಕ್ಯಾನ್ಸರ್ ಸೆಲ್ಲೇ ಸಾಯುತ್ತೆ, ಎರಡು ಹನಿ ಬಿಸಿನೀರಿಗೆ ಹಾಕ್ಕೊಂಡು ಕುಡೀರಿ" ಅಂತ. ಅವತ್ತು ನಂಗೆ ಏನೂ ಗೊತ್ತಿರ್ಲಿಲ್ಲ, ಆದ್ರೂ ಕುಡಿಯೋ ಮಾತು ಕೇಳಿ ಒಂಥರಾ ಆಯ್ತು, ಸುಮ್ನೆ ದುಡ್ಡು ಕೊಟ್ಟು ಬಂದೆ. ಈಗ ನೆನೆಸ್ಕೊಂಡ್ರೆ ಕೋಪ ಬರುತ್ತೆ. ತಲೆಗೆ ಸ್ಕಾರ್ಫ್ ಕಟ್ಕೊಂಡು, ಕೈಯಲ್ಲಿ ರಿಪೋರ್ಟ್ ಫೈಲ್ ಹಿಡ್ಕೊಂಡು ಬರೋರಿಗೆ ಯಾವ ಮಾತು ಹೇಳಿದ್ರೂ ನಂಬೋ ಸ್ಥಿತೀಲಿ ಇರ್ತಾರೆ, ಅಂಥವರಿಗೆ ಕುಡೀರಿ ಅಂತ ಹೇಳೋದು ಎಷ್ಟು ದೊಡ್ಡ ತಪ್ಪು ಅಂತ ಅವರಿಗೆ ಗೊತ್ತಿದ್ಯೋ ಇಲ್ವೋ. ಈ ಎಣ್ಣೆಗಳನ್ನ ಕುಡಿಯೋ ಹಾಗೇ ಇಲ್ಲ. ಕೀಮೋ ಔಷಧಿ ಜೊತೆ ಹೊಟ್ಟೆ, ಲಿವರ್ ಎಲ್ಲ ಮೊದಲೇ ಒದ್ದಾಡ್ತಿರುತ್ತೆ. ಕರ್ಪೂರ, ನೀಲಗಿರಿ ಎಣ್ಣೆ ಅಂಥದ್ದು ಮಕ್ಕಳು ಸ್ವಲ್ಪ ನುಂಗಿದ್ರೂ ಫಿಟ್ಸ್ ಬರಬಹುದು, ಹಂಗಾಗಿ ಮನೇಲಿ ಮಕ್ಕಳಿದ್ರೆ ಬಾಟಲ್ ಮೇಲ್ಗಡೆ ಇಡಿ. ಕ್ಯಾನ್ಸರ್ ಸೆಲ್ ಸಾಯಿಸೋದು ಡ್ರಿಪ್ಪಲ್ಲಿ ಹಾಕೋ ಔಷಧಿ, ಇದಲ್ಲ.

ಕಿಟ್‌ನಲ್ಲಿದ್ದ ಲ್ಯಾವೆಂಡರ್ ವಾಸನೆ ಬಸ್ಸಲ್ಲಿ ನೇತಾಡೋ ಕಾರ್ಡ್ ಫ್ರೆಶ್ನರ್ ಥರ, ಮೂಗಿನ ಮೇಲ್ಭಾಗಕ್ಕೆ ಹೋಗಿ ಕುಕ್ಕೋದು, ಹತ್ತು ನಿಮಿಷಕ್ಕೆ ತಲೆನೋವು. ಶ್ರೀಗಂಧದ್ದು ತೆಗೆದ ತಕ್ಷಣ ಮುಚ್ಚಿಟ್ಟೆ. ನಮ್ಮಪ್ಪನ್ನ ಹಾಲಲ್ಲಿ ಮಲಗಿಸಿ ಸುತ್ತ ಊದುಬತ್ತಿ ಹಚ್ಚಿಟ್ಟಿದ್ದ ರಾತ್ರಿ ಮನೆಯೆಲ್ಲ ಅದೇ ವಾಸನೆ ಇತ್ತು, ಕೀಮೋ ಹಿಂದಿನ ದಿನ ಆ ನೆನಪು ಬೇಕಾಗಿರ್ಲಿಲ್ಲ. ಇದು ಯಾವ ಪ್ಯಾಕೆಟ್ ಮೇಲೂ ಬರೆದಿರಲ್ಲ. ಶ್ರೀಗಂಧ ಮನಸ್ಸಿಗೆ ಶಾಂತಿ ಅಂತ ಬರೆದಿರ್ತಾರೆ, ಆದ್ರೆ ವಾಸನೆ ನೇರವಾಗಿ ನೆನಪಿಗೆ ಹೋಗಿ ಮುಟ್ಟುತ್ತೆ, ಒಬ್ಬರಿಗೆ ದೇವಸ್ಥಾನ, ಇನ್ನೊಬ್ಬರಿಗೆ ಸಾವಿನ ಮನೆ. ಅದಕ್ಕೇ ಬೇರೆಯವರು ಹೇಳಿದ ಎಣ್ಣೆ ತಗೋಬೇಡಿ, ನಿಮ್ಮ ಮೂಗಿಗೆ ಕೇಳಿ ತಗೊಳ್ಳಿ.

ಉಳಿದಿದ್ದು ಮಲ್ಲಿಗೆ. ಇದೇ ನಾನು ಮಾಡಿದ ದೊಡ್ಡ ತಪ್ಪು, ದಯವಿಟ್ಟು ಇದನ್ನ ಓದಿ.

ಮಲ್ಲಿಗೆ ಅಂದ್ರೆ ನಂಗೆ ಪ್ರಾಣ. ಮದುವೆಯಾಗಿ ಬಂದಾಗಿಂದ ನಮ್ಮ ಬೀದಿ ಮೂಲೇಲಿ ಹೂವಿನಮ್ಮ ಸಾಯಂಕಾಲ ಒಂದು ಮೊಳ ನಂಗೆ ಅಂತ ಎತ್ತಿಡ್ತಾರೆ. ಅದಕ್ಕೇ ಮೊದಲನೇ ಕೀಮೋ ದಿನ ಧೈರ್ಯಕ್ಕೆ ಇರಲಿ ಅಂತ ಕರ್ಚೀಫಿಗೆ ಆ ಮಲ್ಲಿಗೆ ಎಣ್ಣೆ ನಾಲ್ಕು ಹನಿ ಹಾಕ್ಕೊಂಡು ಹೋದೆ. ಬೆಳಗ್ಗೆ ಐದೂವರೆಗೆ ಕಾರು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್‌ಗಳ ಹಬೆ, ಆಮೇಲೆ ಡಾಬಸ್‌ಪೇಟೆ, ನೆಲಮಂಗಲ, 70 ಕಿಲೋಮೀಟರ್ ಉದ್ದಕ್ಕೂ ಅದನ್ನೇ ಮೂಸ್ತಾ ಕೂತಿದ್ದೆ. ಡೇ ಕೇರ್‌ನಲ್ಲಿ ಕೆಂಪು ಔಷಧಿ ಸಿರಿಂಜಲ್ಲಿ ತಳ್ಳೋವಾಗಲೂ ಕರ್ಚೀಫ್ ಮೂಗಿಗೆ. ಅದರ ಹೆಸರು ಡಾಕ್ಸೊರುಬಿಸಿನ್, ರೂಹಫ್ಜಾ ಶರಬತ್ತಿನ ಬಣ್ಣ, ಒಂದೆರಡು ದಿನ ಮೂತ್ರ ಕೂಡ ಕೆಂಪಗೆ ಬರುತ್ತೆ, ಗಾಬರಿ ಬೀಳ್ಬೇಡಿ. ಮನೆಗೆ ಬಂದು ರಾತ್ರಿಯಿಂದ ವಾಂತಿ. ಐದನೇ ದಿನ ಸ್ವಲ್ಪ ಚೇತರಿಸ್ಕೊಂಡು ಜಗಲಿ ಮೇಲೆ ಕೂತಿದ್ದೆ, ಹೂವಿನಮ್ಮ ನನ್ನ ನೋಡಕ್ಕೆ ಅಂತ ಬಾಳೆಎಲೇಲಿ ಸುತ್ತಿದ್ದ ಮಲ್ಲಿಗೆ ತಂದ್ರು, ಎಲೆ ಬಿಚ್ಚಿದ್ದೇ ತಡ ಹೊಟ್ಟೆ ತೊಳಸಿ ಬಚ್ಚಲಿಗೆ ಓಡಿದೆ. ಪಾಪ ಅವರು ಬಾಗಿಲಲ್ಲೇ ನಿಂತಿದ್ರು, ಏನು ತಪ್ಪಾಯ್ತೋ ಅಂತ ಮುಖ ಸಣ್ಣಗೆ ಮಾಡ್ಕೊಂಡು.

ಡಾಕ್ಟರ್ ಹತ್ರ ಹೇಳಿದಾಗ ಗೊತ್ತಾಗಿದ್ದು, ಇದು ಸಾಮಾನ್ಯ ಅಂತೆ. ಕೀಮೋ ದಿನ ಯಾವ ವಾಸನೆ, ಯಾವ ರುಚಿ ಜೊತೆಗಿರುತ್ತೋ, ಅದನ್ನೇ ಈ ವಾಂತಿಗೆ ಕಾರಣ ಅಂತ ಮೆದುಳು ಗಂಟು ಹಾಕ್ಕೊಂಡುಬಿಡುತ್ತೆ, ಆಮೇಲೆ ಆ ವಾಸನೆ ಒಂದೇ ಸಾಕು ಹೊಟ್ಟೆ ತೊಳಸಕ್ಕೆ. ಕೆಲವರಿಗೆ ಆಸ್ಪತ್ರೆ ಗೇಟು ಕಂಡ್ರೇನೇ ವಾಂತಿ ಬರೋದೂ ಇದೇ ಕಾರಣಕ್ಕೆ. ಆರು ತಿಂಗಳಾಯ್ತು, ಇವತ್ತಿಗೂ ಮಲ್ಲಿಗೆ ಹತ್ರ ಬಂದ್ರೆ ಗಂಟಲು ಬಿಗಿಯುತ್ತೆ. ತಲೆಕೂದಲು ಎರಡೂವರೆ ವಾರಕ್ಕೆ ಹೋಯ್ತು, ಅದು ವಾಪಸ್ ಬರುತ್ತೆ ಅಂತ ಗೊತ್ತಿದೆ, ಈಗಾಗ್ಲೇ ಮೊಳಕೆ ಥರ ಬರ್ತಿದೆ, ಆದ್ರೆ ಮುಡಿಯೋಕೆ ಹೂವಿನ ಆಸೆಯೇ ಹೋಗ್ಬಿಟ್ರೆ ಅಂತ ಒಂದೊಂದು ಸಲ ಅಳು ಬರುತ್ತೆ. ಅದಕ್ಕೇ ಕೈಮುಗಿದು ಹೇಳ್ತಿದೀನಿ, ನಿಮಗೆ ತುಂಬ ಇಷ್ಟವಾದ ವಾಸನೆ, ಇಷ್ಟವಾದ ಊಟ ಕೀಮೋ ದಿನಕ್ಕೆ ತಗೊಂಡು ಹೋಗ್ಬೇಡಿ. ಆಸ್ಪತ್ರೆಗೆ ಬೇರೆ ವಾಸನೆ, ಮನೆಗೆ, ನಿದ್ದೆಗೆ ಬೇರೆ ವಾಸನೆ. ನಾನು ಎರಡನೇ ಸಲದಿಂದ ಆಸ್ಪತ್ರೆಗೆ ನಿಂಬೆಹಣ್ಣಿನ ಸಿಪ್ಪೆ ಡಬ್ಬೀಲಿ ಹಾಕ್ಕೊಂಡು ಹೋಗ್ತಿದ್ದೆ, ಅದು ಹಾಳಾದ್ರೂ ಪರವಾಗಿಲ್ಲ ಅಂತ.

ಇನ್ನು ಡಿಫ್ಯೂಸರ್. ನೀರಿಗೆ ಎಣ್ಣೆ ಹನಿ ಹಾಕಿದ್ರೆ ಮಂಜು ಥರ ಬಿಡುತ್ತೆ, ನೋಡಕ್ಕೆ ಚೆನ್ನಾಗಿದೆ, ನೀಲಿ ಲೈಟು ಬೇರೆ. ಆ ಲೈಟ್ ಆರಿಸೋ ಬಟನ್ನೇ ಇಲ್ಲ, ನಿದ್ದೆಗೆ ಅಂತ ಮಾರೋ ಸಾಮಾನಿಗೆ ರಾತ್ರಿಯಿಡೀ ಉರಿಯೋ ಲೈಟು! ಬಟ್ಟೆ ಮುಚ್ಚಿ ನೋಡ್ದೆ, ಬಟ್ಟೆ ಒದ್ದೆಯಾಗೋದು. ಅದಕ್ಕಿಂತ ದೊಡ್ಡ ವಿಷಯ ನೀರಿನದು. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ಮಧ್ಯೆ ಬಿಳಿ ರಕ್ತಕಣ ತುಂಬ ಕೆಳಗೆ ಇಳಿಯುತ್ತೆ, ಆಗ ಸಣ್ಣ ಸೋಂಕೂ ದೊಡ್ಡದಾಗುತ್ತೆ. ನನ್ನ ಮಗಳು ನರ್ಸಿಂಗ್ ಓದ್ತಿದಾಳೆ, ರಜೆಗೆ ಬಂದವಳು ಡಿಫ್ಯೂಸರ್ ಮುಚ್ಚಳ ತೆಗೆದು ಬೆರಳು ಆಡಿಸಿದ್ರೆ ಒಳಗೆ ಪಾಚಿ ಥರ ಜಾರ್ತಿತ್ತು, ನಾಲ್ಕು ದಿನದ ನೀರು ಹಂಗೇ ಇತ್ತು. "ಅಮ್ಮ ಈ ನೀರನ್ನೇ ನೀನು ಉಸಿರಾಡ್ತಿರೋದು" ಅಂದ್ಳು. ಬಳಸ್ಲೇಬೇಕು ಅಂದ್ರೆ ದಿನಾ ನೀರು ಚೆಲ್ಲಿ, ಒರೆಸಿ ಒಣಗಿಸಿ, ಅರ್ಧ ಗಂಟೆ ಹಾಕಿ ಆರಿಸ್ಬೇಕು, ರೂಮಿನ ಕಿಟಕಿ ಸ್ವಲ್ಪ ತೆಗೆದಿಟ್ಟು. ಕೀಮೋ ಮಧ್ಯೆ ಇಷ್ಟೆಲ್ಲ ಮಾಡೋ ಶಕ್ತಿ ಯಾರಿಗಿರುತ್ತೆ. ಮನೇಲಿ ಅಸ್ತಮಾ ಇರೋರಿದ್ರೆ ಬೇಡ್ವೇ ಬೇಡ, ನಮ್ಮ ಅತ್ತೆಗೆ ಕೆಮ್ಮು ಹತ್ತಿತ್ತು. ಈ ಡಿಫ್ಯೂಸರಿಗೆ ನನ್ನ ಕಡೆಯಿಂದ ಒಂದು ಸ್ಟಾರು.

ಆಮೇಲೆ ಮಗಳೇ ಆನ್‌ಲೈನಲ್ಲಿ ಹುಡುಕಿ ಒಳ್ಳೇ ಲ್ಯಾವೆಂಡರ್ ಎಣ್ಣೆ ತರಿಸಿದ್ಳು, 10 ಎಂಎಲ್‌ಗೆ 540 ರೂಪಾಯಿ. ಹೇಗೆ ಆರಿಸಿದ್ಳು ಅಂತ ಬರೀತೀನಿ, ಇದು ಎಲ್ಲಾ ಕಡೆ ಉಪಯೋಗಕ್ಕೆ ಬರುತ್ತೆ. ಬಾಟಲ್ ಕಂದು ಗಾಜಿಂದು ಇರ್ಬೇಕು, ಪ್ಲಾಸ್ಟಿಕ್ ಆಗಿರ್ಬಾರ್ದು. ಮೇಲೆ ಗಿಡದ ಪೂರ್ತಿ ಹೆಸರು ಇರ್ಬೇಕು, ಲವಂಡ್ಯುಲಾ ಆಂಗಸ್ಟಿಫೋಲಿಯಾ ಅಂತ, ಬರೀ ಲ್ಯಾವೆಂಡರ್ ಅಂತಿದ್ರೆ ನಂಬೋ ಹಾಗಿಲ್ಲ. "ಫ್ರೇಗ್ರೆನ್ಸ್ ಆಯಿಲ್" ಅಂತಿದ್ರೆ ಅದು ಸೆಂಟು, "ಎಸೆನ್ಷಿಯಲ್ ಆಯಿಲ್" ಬೇರೆ. ಬ್ಯಾಚ್ ನಂಬರ್, ತಯಾರಾದ ತಾರೀಕು ನೋಡಿ. ಕೆಲವು ಕಂಪನಿಯವರು ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೊಡ್ತಾರೆ, ಜಿಸಿ-ಎಂಎಸ್ ಅಂತಾರೆ, ಅದರಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಅನ್ನೋ ಎರಡು ದೊಡ್ಡ ಭಾಗ ಇದ್ರೆ ಸರಿ, ಲ್ಯಾವೆಂಡರಿನ ವಾಸನೆ ಮುಖ್ಯವಾಗಿ ಅವೆರಡರಿಂದಲೇ ಬರೋದು. ಇನ್ನೊಂದು, ಮಲ್ಲಿಗೆ ಎಸೆನ್ಷಿಯಲ್ ಆಯಿಲ್ ನೂರೈವತ್ತು ರೂಪಾಯಿಗೆ ಸಿಗ್ತಿದೆ ಅಂದ್ರೆ ಅದು ಮಲ್ಲಿಗೆ ಆಗಿರಕ್ಕೆ ಸಾಧ್ಯಾನೇ ಇಲ್ಲ, ಒಂದು ಮೊಳ ಹೂವಿಗೇ ಎಷ್ಟಾಗುತ್ತೆ ಲೆಕ್ಕ ಹಾಕಿ.

ಈ ಬಾಟಲ್ ಮೊದಲ ಸಲ ತೆಗೆದಾಗ ಆಶ್ಚರ್ಯ ಆಯ್ತು. ನಾನು ಲ್ಯಾವೆಂಡರ್ ಅಂದ್ರೆ ಟಾಲ್ಕಂ ಪೌಡರ್ ವಾಸನೆ ಅಂದ್ಕೊಂಡಿದ್ದೆ. ಇದು ಹಸಿರು ಎಲೆ ಉಜ್ಜಿದ ಹಾಗೆ, ಸ್ವಲ್ಪ ಮರುಗದ ಕಡೆ, ಸ್ವಲ್ಪ ಕರ್ಪೂರದ ಕಡೆ ಹೋಗುತ್ತೆ, ಕೊನೆಗೆ ಸಿಹಿ ಉಳಿಯುತ್ತೆ. ನಮ್ಮಮ್ಮ ಮಧುಗಿರಿಯಿಂದ ಬಂದಿದ್ರು, ಲ್ಯಾವೆಂಡರ್ ಅಂದ್ರೆ ಲಾವಂಚ ಅಂತ ಕೇಳಿಸ್ಕೊಂಡು "ಅಯ್ಯೋ ಲಾವಂಚಕ್ಕೆ 540 ಕೊಟ್ರಾ" ಅಂತ ಮರುದಿನ ಮಂಡಿಪೇಟೆಗೆ ಹೋಗಿ ಗ್ರಂಥಿಗೆ ಅಂಗಡಿಯಿಂದ ಐವತ್ತು ರೂಪಾಯಿಗೆ ಒಂದು ಕಂತೆ ಬೇರು ತಂದು ಮಡಿಲಲ್ಲಿ ಹಾಕಿದ್ರು. ಎರಡೂ ಬೇರೆ ಬೇರೆ, ಲಾವಂಚ ಹುಲ್ಲಿನ ಬೇರು, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಅದಕ್ಕೆ. ಆದ್ರೆ ಅದನ್ನ ಹಳೇ ಮಲ್ ಬಟ್ಟೆ ಚೀಲಕ್ಕೆ ಹಾಕಿ ದಿಂಬಿನ ಪಕ್ಕ ಇಟ್ರು ನೋಡಿ, ಅದೂ ನಂಗೆ ತುಂಬ ಹಿತವಾಯ್ತು. ಅಮ್ಮ ನೀರು ಚಿಮುಕಿಸಿ ಕಿಟಕಿಗೆ ಕಟ್ತೀನಿ ಅಂದ್ರು, ಒದ್ದೆ ಬೇರಿಗೆ ಬೂಸ್ಟು ಹಿಡಿಯುತ್ತೆ, ಬಿಳಿ ರಕ್ತಕಣದ ಕೌಂಟ್ ಕಮ್ಮಿ ಇರೋವಾಗ ಬೇಡ ಅಂತ ಮಗಳು ಒಣಗಿದ್ದನ್ನೇ ಇಡಿಸಿದ್ಳು.

ಬಳಸೋ ರೀತಿ ಏನಂದ್ರೆ, ಖಾಲಿ ಇನ್‌ಹೇಲರ್ ಸ್ಟಿಕ್ ಸಿಗುತ್ತೆ, ಮೂಗು ಕಟ್ಟಿದ್ರೆ ಮೂಸ್ತೀವಲ್ಲ ಆ ಥರದ್ದು, ಐದಕ್ಕೆ 180 ರೂಪಾಯಿ. ಒಳಗೆ ಹತ್ತಿ ಬತ್ತಿ ಇರುತ್ತೆ, ಅದಕ್ಕೆ ಹತ್ತು ಹನ್ನೆರಡು ಹನಿ ಎಣ್ಣೆ ಕುಡಿಸಿ ಮುಚ್ಚಿದ್ರೆ ತಿಂಗಳ ಮೇಲೆ ಬರುತ್ತೆ. ಎಲ್ಲದಕ್ಕಿಂತ ಇದೇ ಬೆಸ್ಟು, ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಯಾಕಂದ್ರೆ ಬೇಕಾದಾಗ ಮೂಸಿ ಬೇಡ ಅನ್ನಿಸಿದ ಕ್ಷಣ ಮುಚ್ಚಬಹುದು, ಕೀಮೋದಲ್ಲಿ ಮೂಗು ಬೆಳಗ್ಗೆ ಒಂಥರಾ ಇದ್ರೆ ಸಾಯಂಕಾಲ ಇನ್ನೊಂಥರಾ ಇರುತ್ತೆ. ರೂಮೆಲ್ಲ ವಾಸನೆ ತುಂಬ್ಕೊಂಡ್ರೆ ಎದ್ದು ಓಡೋಕೆ ಎಲ್ಲಿಗೆ ಹೋಗ್ತೀರ. ಇನ್ನೊಬ್ಬರಿಗೂ ತೊಂದರೆ ಇಲ್ಲ. ಮೊದಲನೇ ಕೀಮೋ ದಿನ ನನ್ನ ಕರ್ಚೀಫ್ ವಾಸನೆಗೆ ಪಕ್ಕದ ಚೇರಲ್ಲಿದ್ದ ಕುಣಿಗಲ್ ಕಡೆಯ ಅಮ್ಮ ಮುಖ ತಿರುಗಿಸಿ ಸೆರಗು ಮುಚ್ಕೊಂಡಿದ್ರು, ಬಾಯಿಬಿಟ್ಟು ಏನೂ ಹೇಳ್ಲಿಲ್ಲ, ಸಿಸ್ಟರ್ ಬಂದು ಮೆಲ್ಲಗೆ ಹೇಳಿದ್ಮೇಲೆ ಗೊತ್ತಾಯ್ತು ಅವರಿಗೆ ಎಷ್ಟು ಕಷ್ಟ ಆಗಿದೆ ಅಂತ. ಆ ಮುಖ ನಂಗೆ ಮರೆಯಲ್ಲ. ವಾರ್ಡಲ್ಲಿ ಎಲ್ಲರೂ ಅದೇ ಹೊಟ್ಟೆ ತೊಳಸೋರೇ ಕಣ್ರಿ, ದಯವಿಟ್ಟು ಸೆಂಟು, ಸ್ಪ್ರೇ ಹಾಕ್ಕೊಂಡು ಹೋಗ್ಬೇಡಿ, ನೋಡಕ್ಕೆ ಹೋಗೋರೂ ಅಷ್ಟೆ.

ರಾತ್ರಿ ಒಂಬತ್ತೂವರೆಗೆ ಫೋನ್ ಪಕ್ಕಕ್ಕಿಟ್ಟು, ದೊಡ್ಡ ಲೈಟ್ ಆರಿಸಿ, ಸ್ಟಿಕ್ ಮೂಗಿಂದ ಒಂದೆರಡು ಇಂಚು ದೂರ ಹಿಡ್ಕೊಂಡು ನಿಧಾನಕ್ಕೆ ಉಸಿರು ಎಳೆದು, ಎಳೆದಿದ್ದಕ್ಕಿಂತ ನಿಧಾನಕ್ಕೆ ಬಿಡೋದು, ಹತ್ತು ಸಲ. ಆಮೇಲೆ ಯಜಮಾನರು ಪಾದಕ್ಕೆ ಎಣ್ಣೆ ತಿಕ್ಕೋರು. ಅದಕ್ಕೆ ತಿಪಟೂರಿಂದ ತರಿಸಿದ ಗಾಣದ ಕೊಬ್ಬರಿ ಎಣ್ಣೆ 30 ಎಂಎಲ್‌ಗೆ ಲ್ಯಾವೆಂಡರ್ ಆರೇ ಆರು ಹನಿ, ಅಂದ್ರೆ ನೂರಕ್ಕೆ ಒಂದು ಭಾಗ. ಜಾಸ್ತಿ ಹಾಕಿದ್ರೆ ಜಾಸ್ತಿ ನಿದ್ದೆ ಬರಲ್ಲ, ಚರ್ಮ ಉರಿಯುತ್ತೆ ಅಷ್ಟೆ. ಕೀಮೋದಲ್ಲಿ ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿರುತ್ತೆ, ಹಂಗಾಗಿ ಮೊದಲು ಮೊಣಕೈ ಒಳಗಡೆ ಒಂದು ಚೂರು ಹಚ್ಚಿ ಒಂದು ದಿನ ಕಾದು ನೋಡಿ. ಆಪರೇಷನ್ ಗಾಯ, ಔಷಧಿ ಹಾಕಕ್ಕೆ ಅಂತ ಇಟ್ಟಿರೋ ಪೋರ್ಟ್ ಅಥವಾ ಪಿಕ್ ಲೈನ್ ನಳಿಕೆ ಇರೋ ಜಾಗ, ಎಲ್ಲಾದ್ರೂ ಚರ್ಮ ಒಡೆದಿದ್ರೆ ಅಲ್ಲಿಗೆ ಎಣ್ಣೆ ಸೋಕಿಸ್ಬಾರ್ದು. ಕಂಕುಳಿನ ಗ್ರಂಥಿ ತೆಗೆದಿರೋ ಕಡೆ ಕೈಗೆ ಜೋರಾಗಿ ಮಸಾಜ್ ಮಾಡಿಸ್ಬೇಡಿ, ಬಾವು ಬರೋ ಚಾನ್ಸ್ ಇರುತ್ತೆ, ಫಿಸಿಯೋ ಹೇಳಿಕೊಟ್ಟಿದ್ದು ಮಾತ್ರ.

ಪಾದಕ್ಕೆ ತಿಕ್ಕೋವಾಗ ಅವರು ಏನೂ ಮಾತಾಡ್ತಿರ್ಲಿಲ್ಲ. 24 ವರ್ಷದ ಸಂಸಾರದಲ್ಲಿ ಅವರು ನನ್ನ ಕಾಲು ಹಿಡಿದಿದ್ದು ಅದೇ ಮೊದಲು, ಮೊದಲೆರಡು ದಿನ ನಾನೇ ಬೇಡ ಬೇಡ ಅಂತ ಕಾಲು ಎಳ್ಕೊಂಡೆ. ಆಮೇಲೆ ಹಿಮ್ಮಡಿ ಮೇಲೆ ಹೆಬ್ಬೆರಳಲ್ಲಿ ಮೆಲ್ಲಗೆ ತಿರುಗಿಸ್ತಾ, ಬೆರಳ ಸಂದಿ ಎಲ್ಲ ಟವೆಲ್‌ನಲ್ಲಿ ಒರೆಸಿ, ಕಾಲ್ಚೀಲ ಹಾಕಿ ಮಲಗಿಸೋರು. ವಾರಕ್ಕೊಂದು ಕೀಮೋ ಶುರುವಾದ್ಮೇಲೆ, ಅದರ ಹೆಸರು ಪ್ಯಾಕ್ಲಿಟ್ಯಾಕ್ಸೆಲ್, ಕೈಕಾಲು ಬೆರಳ ತುದಿ ಜೋಮು ಹಿಡಿದು ಬಾಟಲ್ ಮುಚ್ಚಳ ತಿರುಗಿಸಕ್ಕೇ ಆಗ್ತಿರ್ಲಿಲ್ಲ, ಅದು ಒತ್ತಿ ತಿರುಗಿಸೋ ಮುಚ್ಚಳ, ಎರಡು ಸಲ ಕೈಯಿಂದ ಜಾರಿ ಬಿದ್ದು ಹಾಸಿಗೆ ಎಲ್ಲ ಎಣ್ಣೆ. ಅಲ್ಲಿಂದ ಅವರೇ ತೆಗೆದು ಹನಿ ಎಣಿಸಿ ಹಾಕೋರು, ಒಂದು, ಎರಡು, ಮೂರು ಅಂತ ಬಾಯಲ್ಲಿ ಹೇಳ್ತಾ. ನಿದ್ದೆ ಬಂದಿದ್ದು ಎಣ್ಣೆಯಿಂದಲೋ ಆ ಎಣಿಕೆ ಕೇಳಿಸ್ಕೊಂಡೋ, ಬಿಡಿಸಿ ಹೇಳಕ್ಕೆ ನಂಗೆ ಬರಲ್ಲ. ಕಂಪನಿಯವರು ಮುಚ್ಚಳ ಸುಲಭದ್ದು ಕೊಡ್ಬೇಕಿತ್ತು, ಅದಕ್ಕೆ ಅರ್ಧ ಸ್ಟಾರ್ ಕಡಿಮೆ.

ಈಗ ನಿಜವಾಗ್ಲೂ ಎಷ್ಟು ಉಪಯೋಗ ಆಯ್ತು ಅಂತ. ನಿದ್ದೆ ಹತ್ತಕ್ಕೆ ಮುಂಚೆ ಎರಡು ಗಂಟೆ ಹೊರಳಾಡ್ತಿದ್ದೋಳು ಮುಕ್ಕಾಲು ಗಂಟೆಗೆ ಬಂದೆ. ಮಧ್ಯರಾತ್ರಿ ಎಚ್ಚರ ಆಗೋದು ನಿಲ್ಲಲಿಲ್ಲ. ಕೀಮೋಗೆ ಮುಟ್ಟು ನಿಂತು ಮೈ ಧಗ್ಗಂತ ಬಿಸಿಯಾಗಿ ಬೆವರೋದು ಬೇರೆ ಶುರುವಾಗಿತ್ತು, ಅದಕ್ಕೆ ಯಾವ ಎಣ್ಣೆಯೂ ಏನೂ ಮಾಡ್ಲಿಲ್ಲ, ಹತ್ತಿ ನೈಟಿ, ಫ್ಯಾನು, ಪಕ್ಕದಲ್ಲಿ ತಣ್ಣೀರು ಅಷ್ಟೆ. ಆತಂಕಕ್ಕೆ ಮಾತ್ರ ಚೆನ್ನಾಗಿ ಕೆಲಸ ಮಾಡ್ತು. ಬ್ಲಡ್ ಕೌಂಟ್ ರಿಪೋರ್ಟ್‌ಗೆ ಕಾಯೋ ಸಾಯಂಕಾಲ, ಈ ವಾರ ಕೀಮೋ ಕೊಡ್ತಾರೋ ಮುಂದೆ ಹಾಕ್ತಾರೋ ಅಂತ ಗೊತ್ತಿಲ್ಲದೆ ಎದೆ ಹಿಂಡೋವಾಗ, ಸ್ಟಿಕ್ ಹಿಡ್ಕೊಂಡು ಹತ್ತು ಉಸಿರು ತಗೊಂಡ್ರೆ ಮೇಲೆ ಹತ್ತಿದ್ದು ಸ್ವಲ್ಪ ಕೆಳಗೆ ಇಳಿಯೋದು. ಪೂರ್ತಿ ಹೋಗಲ್ಲ. ಅಡುಗೆ ಮನೆಗೆ ಎದ್ದು ಹೋಗಿ ಒಂದು ಲೋಟ ಗಂಜಿ ಕಾಯಿಸ್ಕೊಳ್ಳೋ ಅಷ್ಟು ಇಳಿಯುತ್ತೆ. ಆ ದಿನಗಳಲ್ಲಿ ನಂಗೆ ಅಷ್ಟು ಸಾಕಾಗಿತ್ತು.

ಮಗಳು ಇದರ ಬಗ್ಗೆ ಓದಿ ಹೇಳಿದ್ದು: 2023ರಲ್ಲಿ ಅಮೆರಿಕದ ಕ್ಯಾನ್ಸರ್ ಡಾಕ್ಟರುಗಳ ಸಂಘ ಆಸ್ಕೋ ಮತ್ತೆ ಇಂಟಿಗ್ರೇಟಿವ್ ಆಂಕಾಲಜಿ ಸೊಸೈಟಿ ಸೇರಿ ಒಂದು ಮಾರ್ಗಸೂಚಿ ಹೊರಡಿಸಿದಾರೆ, ಅದರಲ್ಲಿ ಟ್ರೀಟ್‌ಮೆಂಟ್ ನಡೀತಿರೋವಾಗ ಆತಂಕಕ್ಕೆ ಧ್ಯಾನ, ಯೋಗ, ಸಂಗೀತ ಇವುಗಳ ಜೊತೆ ಮೂಸೋ ಅರೋಮಾಥೆರಪಿಯನ್ನೂ ಸೇರಿಸಿದಾರೆ, ಆದ್ರೆ ಅದಕ್ಕಿರೋ ಪುರಾವೆ ಅಷ್ಟು ಗಟ್ಟಿ ಅಲ್ಲ ಅಂತಾನೂ ಹೇಳಿದಾರೆ. ಅದಕ್ಕೂ ಮುಂಚೆ 2016ರಲ್ಲಿ ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆ ಕಾಕ್ರೇನ್‌ನವರು ಕ್ಯಾನ್ಸರ್ ಪೇಷೆಂಟ್‌ಗಳಿಗೆ ಮಸಾಜ್, ಅರೋಮಾ ಮಸಾಜ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿ, ಎಲ್ಲ ಸಣ್ಣ ಸಣ್ಣ ಅಧ್ಯಯನ, ಇಷ್ಟರ ಮೇಲೆ ಖಚಿತವಾಗಿ ಹೇಳಕ್ಕಾಗಲ್ಲ ಅಂದಿದ್ರು. ಇನ್ನೊಂದು ಕಷ್ಟ ಅಂದ್ರೆ ಮಾತ್ರೆ ಆದ್ರೆ ಒಬ್ಬರಿಗೆ ನಿಜವಾದ್ದು ಇನ್ನೊಬ್ಬರಿಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು, ವಾಸನೆ ಹಂಗಲ್ಲ, ಮೂಗಿಗೆ ಬಂದ ತಕ್ಷಣ ಗೊತ್ತಾಗ್ಬಿಡುತ್ತೆ. ನನ್ನ ಅನುಭವಕ್ಕೂ ಇದು ಸರಿಹೋಗುತ್ತೆ, ಸಹಾಯ ಇದೆ, ಚಿಕ್ಕದು.

ಮೇಲೆ ಒಂದು ಕಾರಣ ಆಮೇಲೆ ಹೇಳ್ತೀನಿ ಅಂದಿದ್ನಲ್ಲ, ಅದು ಡೆಕ್ಸಾಮೆಥಾಸೋನ್. ವಾಂತಿ ಆಗದೇ ಇರಲಿ, ಅಲರ್ಜಿ ಆಗದೇ ಇರಲಿ ಅಂತ ಕೀಮೋ ಜೊತೆ ಕೊಡೋ ಸ್ಟೆರಾಯ್ಡ್. ಮನೆಗೂ ಎರಡು ಮೂರು ದಿನದ ಮಾತ್ರೆ ಬರೆದುಕೊಟ್ಟಿದ್ರು, ನಾನು ಬೆಳಗ್ಗೆ ಒಂದು ರಾತ್ರಿ ಊಟ ಆದ್ಮೇಲೆ ಒಂದು ನುಂಗ್ತಿದ್ದೆ. ಅದು ನಿದ್ದೆ ಕೆಡಿಸೋ ಮಾತ್ರೆ ಅಂತ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಎರಡನೇ ಕೀಮೋಗೆ ಹೋದಾಗ ನಿದ್ದೆ ವಿಷಯ ಎತ್ತಿದ ತಕ್ಷಣ ಡಾಕ್ಟರ್ ಚೀಟಿ ಇಸ್ಕೊಂಡು ಟೈಮ್ ಬದಲಾಯಿಸಿದ್ರು, ತಿಂಡಿ ಆದ್ಮೇಲೆ ಒಂದು, ಮಧ್ಯಾಹ್ನ ಊಟಕ್ಕೊಂದು, ಅದಾದ್ಮೇಲೆ ಇಲ್ಲ. ಆ ಒಂದು ಬದಲಾವಣೆ ನಂಗೆ ಕೊಟ್ಟಷ್ಟು ನಿದ್ದೆ ಯಾವ ಎಣ್ಣೆಯೂ ಕೊಡ್ಲಿಲ್ಲ. ನೀವೇ ನೀವಾಗಿ ಟೈಮ್ ಬದಲಾಯಿಸ್ಬೇಡಿ, ಯಾಕಂದ್ರೆ ಕೆಲವು ಕೀಮೋಗೆ ಹಿಂದಿನ ರಾತ್ರಿ ತಗೊಳ್ಳಲೇಬೇಕಾಗಿರುತ್ತೆ, ಆದ್ರೆ ಕೇಳಿ. ಎಣ್ಣೆಗೆ 540 ಕೊಡೋ ಮುಂಚೆ ಇದನ್ನ ಕೇಳಿ, ಇದಕ್ಕೆ ದುಡ್ಡಿಲ್ಲ.

ಹಾರ್ಮೋನ್ ವಿಷಯಾನೂ ಕೇಳ್ಬೇಕು. ನಂದು ಇಆರ್ ಪಾಸಿಟಿವ್, ಅಂದ್ರೆ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್‌ಗೆ ಬೆಳೆಯೋ ಥರದ್ದು. ಲ್ಯಾವೆಂಡರ್, ಟೀ ಟ್ರೀ ಎಣ್ಣೆ ಇರೋ ಸೋಪು, ಲೋಷನ್ ಬಳಸಿದ ಚಿಕ್ಕ ಹುಡುಗರಿಗೆ ಎದೆ ಬೆಳೆದಿದೆ ಅಂತ 2007ರಲ್ಲಿ ಒಂದು ವರದಿ ಬಂದಿತ್ತು, ಲ್ಯಾಬಲ್ಲಿ ಜೀವಕೋಶದ ಮೇಲೆ ಹಾಕಿ ನೋಡಿದಾಗ ಸ್ವಲ್ಪ ಈಸ್ಟ್ರೋಜೆನ್ ಥರ ವರ್ತಿಸ್ತು ಅಂತ. ಅದನ್ನ ಒಪ್ಪದ ವಿಜ್ಞಾನಿಗಳೂ ಇದಾರೆ. ಇದನ್ನ ಓದಿ ನಂಗೆ ಒಂದು ರಾತ್ರಿ ಇರೋ ನಿದ್ದೇನೂ ಹೋಯ್ತು. ಡಾಕ್ಟರ್ ಹತ್ರ ಬಾಟಲ್ ತಗೊಂಡೇ ಹೋಗಿ ತೋರಿಸ್ದೆ, ಮೂಸೋದಕ್ಕೆ, ಪಾದಕ್ಕೆ ಇಷ್ಟು ತೆಳುವಾಗಿ ಹಚ್ಚೋದಕ್ಕೆ ತೊಂದರೆ ಇಲ್ಲ, ದಿನಾ ಮೈಗೆಲ್ಲ ಹಚ್ಚೋದು ಬೇಡ ಅಂದ್ರು. ಅದು ನಂಗೆ ಹೇಳಿದ್ದು. ನಿಮ್ಮ ಡಾಕ್ಟರಿಗೆ ನಿಮ್ಮ ಬಾಟಲ್ ತೋರಿಸಿ, ನಗ್ತಾರೆ ಅಂತ ನಾಚ್ಕೋಬೇಡಿ, ನಮ್ಮ ಡಾಕ್ಟರ್ ಲೇಬಲ್ ಪೂರ್ತಿ ಓದಿ ವಾಪಸ್ ಕೊಟ್ರು.

ಬಾಟಲ್ ಇಡೋ ಜಾಗಾನೂ ಹೇಳ್ಬೇಕು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಕಿಟಕಿ ಪಕ್ಕ ಇಟ್ಟಿದ್ದ ಮೊದಲ ಬಾಟಲ್ ಎರಡೂವರೆ ತಿಂಗಳಿಗೆ ವಾಸನೆ ಬದಲಾಗಿ ಹುಳಿ ಹುಳಿ ಆಯ್ತು. ಗಾಳಿ, ಬಿಸಿಲು ಸೋಕಿದ್ರೆ ಅದರಲ್ಲಿರೋ ಲಿನಲೂಲ್ ಕೆಡುತ್ತೆ, ಕೆಟ್ಟಿದ್ದನ್ನ ಹಚ್ಚಿದ್ರೆ ತುರಿಕೆ, ಅಲರ್ಜಿ ಬರಬಹುದು. ಎರಡನೇ ಬಾಟಲ್ ಇನ್ನೊಂದು 540 ಕೊಟ್ಟು ತರಿಸಿ ಬೀರು ಒಳಗೆ ಸೀರೆ ಸಂದಿ ಕತ್ತಲೇಲಿ ಇಟ್ಟಿದೀನಿ, ಇವತ್ತಿಗೂ ಹಂಗೇ ಇದೆ. ಆ ಎಣ್ಣೆಗೆ ಮೂರೂವರೆ ಸ್ಟಾರ್.

ಎಣ್ಣೆ, ಬೇರು, ಮಾತ್ರೆ ಟೈಮ್ ಎಲ್ಲಾ ಸರಿಮಾಡಿದ್ರೂ ಒಂದು ವಾರ ಸತತವಾಗಿ ಕಣ್ಣು ಮುಚ್ಚಲಿಲ್ಲ, ಏಳನೇ ವಾರದ ಕೀಮೋ ಹೊತ್ತಿಗೆ. ಸುಮ್ನೆ ಅಳು. ಮಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿಕೊಟ್ಳು, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆಕಡೆ ಇದ್ದ ಹೆಣ್ಣುಮಗಳು ಅರ್ಧ ಗಂಟೆ ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡ್ರು, ನಿದ್ದೆ ಬರದಿದ್ರೆ ಹಾಸಿಗೇಲೇ ಹೊರಳಾಡ್ಬೇಡಿ ಎದ್ದು ಬೇರೆ ಕಡೆ ಕೂತ್ಕೊಳ್ಳಿ, ನಿದ್ದೆ ತೂಗಿದಾಗ ಮಾತ್ರ ವಾಪಸ್ ಹೋಗಿ, ಬೆಳಗ್ಗೆ ದಿನಾ ಒಂದೇ ಟೈಮಿಗೆ ಏಳಿ, ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗ್ಬೇಡಿ ಅಂತ ಹೇಳಿದ್ರು. ಹಾಗೇ ಮಾಡ್ದೆ, ಜಗಲಿ ಮೇಲೆ ಶಾಲು ಹೊದ್ದು ಸ್ಟಿಕ್ ಹಿಡ್ಕೊಂಡು ಕೂರ್ತಿದ್ದೆ, ಹತ್ತನೇ ದಿನಕ್ಕೆ ಹದಕ್ಕೆ ಬಂತು. ಕ್ಯಾನ್ಸರ್ ಸೆಂಟರಲ್ಲೂ ಕೌನ್ಸೆಲರ್ ಇರ್ತಾರೆ, ಕೇಳಿದ್ರೆ ಕಳಿಸ್ತಾರೆ.

ಹನ್ನೆರಡನೇದು ಹೋದ ತಿಂಗಳು ಮುಗೀತು. ಈ ಸೋಮವಾರದಿಂದ ರೇಡಿಯೇಷನ್. ಆ ಭಾಗಕ್ಕೆ ಅವರು ಕೊಡೋದು ಬಿಟ್ಟು ಬೇರೆ ಎಣ್ಣೆ, ಪೌಡರ್, ಏನೂ ಸೋಕಿಸ್ಬಾರ್ದು ಅಂತ ಮೊದಲೇ ಹೇಳಿದಾರೆ, ಹಂಗಾಗಿ ಕೈಯಲ್ಲಿ ಎಣ್ಣೆ ಜಿಡ್ಡು ಇರೋದೇ ಬೇಡ ಅಂತ ಪಾದಕ್ಕೆ ಹಚ್ಚೋದೂ ನಿಲ್ಲಿಸಿದೀವಿ, ಸ್ಟಿಕ್ ಮಾತ್ರ ಇದೆ. ಹೂವಿನಮ್ಮ ಈಗ ಬೀದೀಲಿ ನನ್ನ ನೋಡಿದ್ರೆ ಮಲ್ಲಿಗೆ ಬುಟ್ಟಿ ಪಕ್ಕಕ್ಕೆ ಸರಿಸ್ತಾರೆ. ಮೊನ್ನೆ ಸಾಯಂಕಾಲ ಕನಕಾಂಬರ ಒಂದು ಮೊಳ ಕೊಟ್ರು, ಅದಕ್ಕೆ ವಾಸನೆ ಇಲ್ಲ. ಮೊಳಕೆ ಥರ ಬಂದಿರೋ ಕೂದಲಿಗೆ ಮುಡಿಯಕ್ಕೆ ಬರಲ್ಲ, ದೇವರ ಫೋಟೋಗೆ ಹಾಕ್ದೆ.